ಎಂಜಿನ್ ರೂಮಿನ ಕನ್ನಡ

ಎಂ.ವಿ. ಮರ್ಜಾನಾ
ಜೆಬೆಲ್ ಅಲಿ ಬಂದರಿನ ಹೊರಗೆ, ಲಂಗರಿನಲ್ಲಿ
೩ ಮಾರ್ಚ್ ೨೦೧೬

ನಿಖಿತಾ,

ಅಪ್ಪ ಬರೆಯುವುದು. ಅಕ್ಷರ ನೋಡಿಯೇ ಗೊತ್ತಾಗಬೇಕು, ಆದರೂ ಹೇಳಿಬಿಡುತ್ತೇನೆ. ನಾಲ್ಕು ವರ್ಷದಲ್ಲಿ ಮರೆತಿದ್ದರೆ ನಿನ್ನ ತಪ್ಪೂ ಅಲ್ಲ.

ನೀನು ದುಬೈಯಲ್ಲಿರುವುದು ನನಗೆ ಗೊತ್ತಾದದ್ದೇ ಹೋದ ವಾರ. ನಮಗೆ ನೀರು, ಅಕ್ಕಿ ತರುವ ಲಾಂಚಿನ ಮುಹಿಯುದ್ದೀನ್ ಉಳ್ಳಾಲದವ. ಊದ್ ಮೇಥಾದಲ್ಲಿ ನಮ್ಮೂರವರ ಯಾವುದೋ ಕೂಟಕ್ಕೆ ಹೋಗಿದ್ದಾಗ "ಜಪಾನಿ ಮಾತಾಡುವ ಕಾಪುವಿನ ಹುಡುಗಿ" ಅಂತ ಯಾರೋ ನಿನ್ನನ್ನು ತೋರಿಸಿದರಂತೆ. ಕಾಪುವಿನಲ್ಲಿ ಜಪಾನಿ ಮಾತಾಡುವ ಹುಡುಗಿಯರು ಎಷ್ಟು ಮಂದಿ ಇರಬಹುದು? ನೀನು ಬಂದು ಎರಡು ವರ್ಷ ಆಯಿತಂತೆ. ನಿನ್ನ ಅಮ್ಮ ನನಗೆ ಒಂದು ಮಾತು ಹೇಳಲಿಲ್ಲ. ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ನಾನು ಮದುವೆಯಾದಾಗಿನಿಂದ ನಂಬಿದ್ದೆ.

ಇರಲಿ. ವಿಷಯಕ್ಕೆ ಬರುತ್ತೇನೆ. ನಮ್ಮ ಹಡಗು ನವೆಂಬರಿನಿಂದ ಇಲ್ಲೇ ನಿಂತಿದೆ. ಹಡಗು ತನ್ನದೆಂದು ಇಬ್ಬರು ಸಾಹುಕಾರರು ಕೋರ್ಟಿನಲ್ಲಿದ್ದಾರೆ. ತೀರ್ಪು ಬರುವ ತನಕ ಹಡಗು ಹೋಗುವ ಹಾಗಿಲ್ಲ, ಹಡಗು ಬಿಟ್ಟು ನಾವೂ ಹೋಗುವ ಹಾಗಿಲ್ಲ. ಪಾಸ್‌ಪೋರ್ಟು ಏಜೆಂಟರ ಆಫೀಸಿನಲ್ಲಿದೆ, ದಡಕ್ಕೆ ಕಾಲಿಡಲು ವೀಸಾ ಇಲ್ಲ. ಎಂಜಿನ್ ನೋಡುವವ ಒಬ್ಬ, ಡೆಕ್ಕಿನವರು ಇಷ್ಟು ಜನ ಹಡಗಿನಲ್ಲಿ ಇರಲೇಬೇಕು ಎಂದು ಬಂದರಿನ ನಿಯಮ. ಬದಲಿ ಜನ ಬಂದರೆ ಇಳಿಯಬಹುದು. ಇಂಥ ಹಡಗಿಗೆ ಬದಲಿ ಬರುವ ಮೂರ್ಖ ಯಾರು? ಫೋನಿಗೆ ಇಲ್ಲಿ ಸಿಗ್ನಲ್ ಇಲ್ಲ. ಕ್ಯಾಪ್ಟನ್ ಹತ್ತಿರ ಇರುವ ಫೋನು ಏಜೆಂಟರ ಜೊತೆ ಜಗಳಾಡಲಿಕ್ಕೆ ಮಾತ್ರ.

ಹಡಗು ಜಪಾನಿನಲ್ಲಿ ಕಟ್ಟಿದ್ದು, ನಿನಗಿಂತ ವಯಸ್ಸಾದದ್ದು. ಎಂಜಿನ್ ರೂಮಿನಲ್ಲಿ ಎಲ್ಲ ಫಲಕಗಳೂ ಜಪಾನಿಯಲ್ಲೇ. ನಮ್ಮ ಚೀಫ್ ಎಂಜಿನಿಯರಿಗೆ ಎಲ್ಲ ಬಾಯಿಪಾಠ ಇತ್ತು. ಕಿಡ್ನಿ ಕಲ್ಲು ಅಂತ ಅವರನ್ನು ಫೆಬ್ರವರಿಯಲ್ಲಿ ಆಸ್ಪತ್ರೆಗೆ ಒಯ್ದರು, ಮತ್ತೆ ಬರಲಿಲ್ಲ. ನಾನು ಬರೀ ಆಯಿಲರ್. ಎಣ್ಣೆ ಹಾಕು, ಒರೆಸು ಅಂದರೆ ಮಾಡುತ್ತೇನೆ. ಈಗ ಕೆಳಗೆ ನೀರು ಸೇರುತ್ತಿದೆ, ಪಂಪು ಹಾಕಲು ಬರುವವರಿಲ್ಲ. ಆರು ಫಲಕಗಳ ಮೇಲಿದ್ದದ್ದನ್ನು ನೋಡಿ ನೋಡಿ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಅರ್ಥ ಹೇಳಿ ಮುಹಿಯುದ್ದೀನ್ ಹತ್ತಿರ ಕೊಡು. ತುರ್ತು ಉಂಟು.

ನಿನ್ನ ಅಪ್ಪ
ಶೀನಪ್ಪ


ಊದ್ ಮೇಥಾ, ದುಬೈ
೫ ಮಾರ್ಚ್ ೨೦೧೬

ಅಪ್ಪ,

ಮುಹಿಯುದ್ದೀನ್ ಕೆಳಗೆ ಕಾಯುತ್ತಿದ್ದಾರೆ, ಹಾಗಾಗಿ ಬೇಗ ಬರೆಯುತ್ತೇನೆ.

ಮೊದಲನೆಯದು ಇಂಧನ. ಎರಡನೆಯದು ಎಂಜಿನ್ ತಂಪು ಮಾಡುವ ನೀರು. ಮೂರನೆಯದು ಚಾಲೂ ಮಾಡು, ನಾಲ್ಕನೆಯದು ನಿಲ್ಲಿಸು. ಐದು, ಆರು ಎರಡೂ ವಾಲ್ವಿನ ಮೇಲೆ ಇದ್ದಿರಬೇಕು. ಎರಡರಲ್ಲೂ ಎರಡು ಕದದ ಬಾಗಿಲಿನ ಚಿತ್ರ ಇದೆ. ಬಾಗಿಲ ನಡುವೆ ಅಗುಳಿ ಎತ್ತುವ ಕೈಗಳಿದ್ದರೆ ತೆರೆ ಎಂದು. ಮರದ ತುಂಡು ಅಡ್ಡ ಇದ್ದರೆ ಮುಚ್ಚು ಎಂದು. ನೀವು ಎರಡನ್ನೂ ಒಂದೇ ಥರ ಬರೆದಿದ್ದೀರಿ. ಕೈ ಹಾಕುವ ಮುಂಚೆ ಇನ್ನೊಮ್ಮೆ ಸರಿಯಾಗಿ ನೋಡಿ.

ನಾನು ಬೆಂಗಳೂರಿಗೆ ಜಪಾನಿ ಕಲಿಯಲು ಹೊರಟಾಗ "ಕಲಿತು ಯಾರೊಟ್ಟಿಗೆ ಮಾತಾಡ್ಲಿಕ್ಕೆ ಉಂಟು" ಎಂದು ಕೇಳಿದ್ದಿರಿ. ಆಮೇಲೆ ಮಾತೇ ಬಿಟ್ಟಿರಿ. ಪಂಪಿನೊಟ್ಟಿಗೆ ಎಂದು ಈಗ ಉತ್ತರ ಸಿಕ್ಕಿತಲ್ಲ.

ಸೋಪು, ಜ್ವರದ ಮಾತ್ರೆ, ಎರಡು ಟಾರ್ಚ್ ಕಳಿಸುತ್ತಿದ್ದೇನೆ.

ನಿಖಿತಾ


ಮರ್ಜಾನಾ
೨೬ ಮಾರ್ಚ್ ೨೦೧೬

ಮಗಾ,

ಪಂಪು ನೀರೆತ್ತಿತು. ಕ್ಯಾಪ್ಟನ್ ಈಜಿಪ್ಟಿನವರು, ನಗುವುದೇ ಅಪರೂಪ. ಅವರು ನನ್ನ ಬೆನ್ನು ತಟ್ಟಿ ಚೀಫ್ ಅಂದರು. ನಿನ್ನ ಪತ್ರದಲ್ಲಿ ಪಂಪಿನೊಟ್ಟಿಗೆ ಮಾತು ಎಂದದ್ದು ಓದಿ ನಾನೂ ನಕ್ಕೆ. ನಾಲಿಗೆ ಅಮ್ಮನದ್ದೇ, ಸಂಶಯವಿಲ್ಲ.

ಇಲ್ಲಿ ಕನ್ನಡ ಬರುವ ಇನ್ನೊಬ್ಬ ಇದ್ದಾನೆ. ಕುಲಶೇಖರದ ಅಲೆಕ್ಸಾಂಡರ್, ಅಡುಗೆಯವ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅವನು ಈರುಳ್ಳಿ ಹೆಚ್ಚುವಾಗ ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ. ನಿನಗೆ ಕೋಪ ಬರಬಾರದು. ಇಲ್ಲಿ ಓದಲಿಕ್ಕೆ ಬೇರೆ ಏನೂ ಇಲ್ಲ.

ಈಗ ನನಗೆ ಒಂದು ಸಂಶಯ. ಫಲಕಗಳನ್ನು ಒರೆಸಿ ಒರೆಸಿ ನೋಡಿದೆ. ಅಕ್ಷರ ಮೂರು ಜಾತಿ ಉಂಟು. ಗೀರುಗಳನ್ನು ಕಿಕ್ಕಿರಿದು ತುಂಬಿದ ಚಿತ್ರದಂಥವು ಒಂದು. ಮೆತ್ತಗೆ ಬಾಗಿ ಹೋಗುವವು ಒಂದು. ಬ್ಲೇಡಿನಲ್ಲಿ ಕೊಯ್ದ ಹಾಗೆ ಚೂಪಾದವು ಇನ್ನೊಂದು. ಒಂದು ಭಾಷೆಗೆ ಮೂರು ಲಿಪಿ ಎಂತಕ್ಕೆ? ನಾವು ಮನೆಯಲ್ಲಿ ತುಳು ಮಾತಾಡಿ, ಬರೆಯಲಿಕ್ಕೆ ಕನ್ನಡ ಅಕ್ಷರ ಇಟ್ಟುಕೊಂಡು ಸುಧಾರಿಸುವುದಿಲ್ಲವಾ?

ಹಾಳೆಯ ಕೆಳಗೆ ನಾನೂ ಒಂದು ಅಕ್ಷರ ಮಾಡಿದ್ದೇನೆ. ಒಂದು ಚೌಕ, ಚೌಕದೊಳಗೆ ಒಬ್ಬ ಮನುಷ್ಯ. ಅದು ನಾನು. ಜಪಾನಿಯರು ಇದನ್ನು ಏನಂತ ಓದಿಯಾರು? ತಮಾಷೆಗೆ ಕೇಳಿದ್ದು.

ಅಪ್ಪ


ಊದ್ ಮೇಥಾ
೮ ಏಪ್ರಿಲ್ ೨೦೧೬

ಅಪ್ಪ,

ಇವತ್ತು ಶುಕ್ರವಾರ, ರಜೆ. ನಿಧಾನವಾಗಿ ಬರೆಯುತ್ತೇನೆ.

ತುಳುವಿನ ಉದಾಹರಣೆ ನೀವೇ ಕೊಟ್ಟಿದ್ದರಿಂದ ನನ್ನ ಕೆಲಸ ಸುಲಭವಾಯಿತು. ಜಪಾನಿಯರ ಕತೆಯೂ ಹಾಗೇ ಶುರುವಾಗಿದ್ದು. ಬಾಯಲ್ಲಿ ಭಾಷೆ ಇತ್ತು, ಬರೆಯಲು ಅಕ್ಷರ ಇರಲಿಲ್ಲ. ಸಾವಿರದೈನೂರು ವರ್ಷಗಳ ಹಿಂದೆ ಕೊರಿಯಾದ ಮೂಲಕ ಚೀನಾದ ಅಕ್ಷರಗಳು ಬಂದವು. ನೀವು ಹೇಳಿದ ಗೀರು ತುಂಬಿದ ಚಿತ್ರಗಳು ಅವೇ. ಆದರೆ ಚೀನಿ ಭಾಷೆಯ ಜಾಯಮಾನ ಬೇರೆ, ಇವರದ್ದು ಬೇರೆ. ಇವರ ಕ್ರಿಯಾಪದಕ್ಕೆ ನಮ್ಮದರ ಹಾಗೆ ಬಾಲ ಉಂಟು. ಮಾಡಿದ, ಮಾಡುವ, ಮಾಡಲಿಲ್ಲ ಎನ್ನುತ್ತೇವಲ್ಲ, ಹಾಗೆ. ಚೀನಿ ಅಕ್ಷರಕ್ಕೆ ಬಾಲ ಇಲ್ಲ. ಹಾಗಾಗಿ ಕೆಲವು ಅಕ್ಷರಗಳ ಅರ್ಥವನ್ನು ಬಿಟ್ಟು ಬರೀ ಉಚ್ಚಾರಕ್ಕೆಂದು ಬಳಸತೊಡಗಿದರು.

ಅದರಿಂದ ಎರಡು ದಾರಿ ಆಯಿತು. ದೊಡ್ಡ ಅಕ್ಷರ ಗಂಡಸರ ವಿದ್ಯೆ, ಹೆಂಗಸರಿಗೆ ಯಾಕೆ ಎಂಬ ಕಾಲ ಅದು. ಅರಮನೆಯ ಹೆಂಗಸರು ಉಚ್ಚಾರದ ಅಕ್ಷರಗಳನ್ನು ವೇಗದ ಕೈಯಲ್ಲಿ ಬರೆದರು. ಬರೆಯುತ್ತ ಬರೆಯುತ್ತ ಗೀರುಗಳು ಕರಗಿ ಬರೀ ಬಾಗು ಉಳಿಯಿತು. ಅದಕ್ಕೆ ಹೆಂಗಸಿನ ಕೈ ಎಂದೇ ಹೆಸರಿತ್ತು. ಅದರಲ್ಲಿ ಪತ್ರ ಬರೆದರು, ದಿನಚರಿ ಬರೆದರು, ದೊಡ್ಡ ದೊಡ್ಡ ಕಥೆ ಬರೆದರು. ಇದನ್ನು ನಿಮಗೆ ಹೇಳಬೇಕೆಂದು ನಾಲ್ಕು ವರ್ಷದಿಂದ ಕಾದಿದ್ದೆ.

ಚೂಪಾದವು ಬೌದ್ಧ ಸನ್ಯಾಸಿಗಳದ್ದು. ಚೀನಿ ಗ್ರಂಥ ಓದುವಾಗ ಸಾಲಿನ ಪಕ್ಕದ ಇಕ್ಕಟ್ಟಿನಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು. ಇಡೀ ಅಕ್ಷರಕ್ಕೆ ಜಾಗ ಇಲ್ಲ, ಒಂದು ಚೂರನ್ನು ಮಾತ್ರ ಮುರಿದು ಬರೆದರು. 'ಕ' ಎಂಬ ಸದ್ದಿನ ಒಂದೇ ಚೀನಿ ಅಕ್ಷರವನ್ನು ಹೆಂಗಸರು ಪೂರ್ತಿ ಓಡಿಸಿ ಬರೆದರು, ಸನ್ಯಾಸಿಗಳು ಅದರ ಎಡಗಡೆಯ ತುಂಡನ್ನಷ್ಟೇ ಇಟ್ಟುಕೊಂಡರು. ಈಗ ಹೊರಗಿನಿಂದ ಬಂದ ಪದಗಳನ್ನು ಈ ಚೂಪು ಅಕ್ಷರದಲ್ಲೇ ಬರೆಯುವುದು. ನಿಮ್ಮ ಪಂಪು, ಟ್ಯಾಂಕು ಎಲ್ಲ ಅದರಲ್ಲೇ ಇರುತ್ತದೆ.

ಅವುಗಳ ಪಟ್ಟಿ ಇನ್ನೊಂದು ಹಾಳೆಯಲ್ಲಿದೆ. ಕ್ರಮ ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ. ಅ ಇ ಉ ಎ ಒ. ಆಮೇಲೆ ಕ ಸ ತ ನ ಹ ಮ ಯ ರ ವ. ಈಗಿನ 'ಸ' ಹಿಂದೆ 'ಚ'ಕ್ಕೆ ಹತ್ತಿರ ಇತ್ತಂತೆ, 'ಹ' ಹಿಂದೆ 'ಪ' ಇತ್ತಂತೆ. ಈಗ ಓದಿ. ಸಂಸ್ಕೃತದ ಮಂತ್ರ ಓದಲೆಂದು ಆ ಸನ್ಯಾಸಿಗಳು ನಮ್ಮ ಕಡೆಯ ವರ್ಣಮಾಲೆ ಕಲಿತರು, ಅದೇ ಸಾಲಿನಲ್ಲಿ ತಮ್ಮ ಅಕ್ಷರಗಳನ್ನೂ ಕೂರಿಸಿದರು.

ನಿಮ್ಮ ತಮಾಷೆಗೆ ಉತ್ತರ ಬರೆಯಬಾರದು ಅಂದುಕೊಂಡಿದ್ದೆ. ಆದರೆ ಸುಳ್ಳು ಹೇಳಲು ಆಗುವುದಿಲ್ಲ. ಚೌಕದೊಳಗೆ ಮನುಷ್ಯ, ಹಾಗೊಂದು ಅಕ್ಷರ ನಿಜವಾಗಿಯೂ ಇದೆ. ಕೈದಿ ಎಂದು ಅರ್ಥ. ಕಂಪೆನಿ ಬಸ್ಸಿನಲ್ಲಿ ನಿಮ್ಮ ಪತ್ರ ಬಿಡಿಸಿದ್ದೆ. ಆ ಚಿತ್ರ ಕಂಡು ಅಳು ಬಂತು, ಪಕ್ಕದ ಸೀಟಿನವಳು ಟಿಶ್ಯೂ ಕೊಟ್ಟಳು.

ನನ್ನ ಆಫೀಸು ಜೆಬೆಲ್ ಅಲಿಯಲ್ಲೇ. ಮೊನ್ನೆ ಬಂದರಿನ ಗೇಟಿಗೆ ಹೋಗಿ ವಿಚಾರಿಸಿದೆ. ಲಂಗರಿನ ಹಡಗಿಗೆ ಮನೆಯವರನ್ನು ಬಿಡುವುದಿಲ್ಲವಂತೆ. ಕಾನ್ಸುಲೇಟಿನಲ್ಲೂ ಅರ್ಜಿ ಕೊಟ್ಟಿದ್ದೇನೆ.

ನಿಖಿತಾ


ಮರ್ಜಾನಾ
೨೭ ಏಪ್ರಿಲ್ ೨೦೧೬

ಮಗಾ,

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ಆದರೆ ಆ ಸಾಲನ್ನು ಬಾಯಲ್ಲಿ ಹೇಳಿಕೊಂಡಾಗ ನಮ್ಮ ಟೀಚರು ಬೆತ್ತ ಹಿಡಿದು ಎದುರು ನಿಂತ ಹಾಗಾಯಿತು. ಕ ಚ ತ ನ ಪ ಮ ಯ ರ ವ. ನಮ್ಮ ಟ ಠ ಡ ಢ ಇಲ್ಲದ್ದು ಒಳ್ಳೆಯದೇ ಆಯಿತು, ಅವರ ಮಕ್ಕಳು ಬಚಾವಾದರು. ಯಾವ ಸನ್ಯಾಸಿಯೋ ಏನೋ, ಎಲ್ಲಿಂದೆಲ್ಲಿಗೋ ತೆಗೆದುಕೊಂಡು ಹೋದದ್ದು ಈಗ ನನ್ನ ಕೈಗೆ ಬಂತು.

ಈಗ ಚೂಪು ಅಕ್ಷರ ಎಲ್ಲ ಓದುತ್ತೇನೆ. ಕೂಡಿಸಿ ಓದಿದರೆ ಪೊಂಪು, ತಾಂಕು. ಅಲೆಕ್ಸ್ ಹೊಟ್ಟೆ ಹಿಡಿದು ನಕ್ಕ. ಅವರೂ ನಮ್ಮ ಹಾಗೇ ಇಂಗ್ಲಿಷಿನ ಬಾಲಕ್ಕೆ ಉಕಾರ ಹಚ್ಚುವವರು. ಚಿತ್ರದ ಅಕ್ಷರಗಳಲ್ಲಿ ಎಂಜಿನ್ ರೂಮಿಗೆ ಬೇಕಾದವು ಬಹುತೇಕ ಬಂದವು. ಉಳಿದದ್ದನ್ನು ಈ ಹಾಳೆಯಲ್ಲಿ ಬರೆದಿದ್ದೇನೆ. ಎರಡನೇ ಜನರೇಟರನ್ನೂ ಮೊನ್ನೆ ಎಬ್ಬಿಸಿದೆ. ದಿನಕ್ಕೆ ಸ್ವಲ್ಪ ಹೊತ್ತು ಫ್ಯಾನು ತಿರುಗುತ್ತದೆ, ಹುಡುಗರು ಮಲಗುತ್ತಾರೆ. ಸೆಖೆ ಶುರುವಾಗಿದೆ. ಕಬ್ಬಿಣದ ಗೋಡೆ ಮುಟ್ಟಲು ಆಗುವುದಿಲ್ಲ. ಬೆನ್ನಿನಲ್ಲಿ ಬೆವರುಸಾಲೆ ಒಡೆದು ಹುಣ್ಣಾಗಿದೆ, ಸಿಹಿನೀರಿನ ಸ್ನಾನ ಇಲ್ಲ. ಇದನ್ನು ಅಮ್ಮನಿಗೆ ಹೇಳಬೇಡ.

ನೀನು ಗೇಟಿನ ತನಕ ಬಂದಿದ್ದೆ ಎಂದು ಓದಿದ ದಿನ ನಾನು ಮೇಲೆ ನಿಂತು ಆ ದಿಕ್ಕನ್ನು ನೋಡಿದೆ. ಕ್ರೇನುಗಳು ಕಾಣುತ್ತವೆ.

ಅಪ್ಪ


ಮರ್ಜಾನಾ
೧೮ ಮೇ ೨೦೧೬

ನಿಖಿತಾ,

ಏಜೆಂಟರು ಒಬ್ಬನನ್ನು ಇಳಿಸಲು ಪರವಾನಗಿ ತಂದಿದ್ದಾರೆ. ಒಬ್ಬನೇ. ಈದ್ ರಜೆಯ ಒಳಗೆ ಊರಿಗೆ ಹೊರಡಬೇಕು, ಇಲ್ಲದಿದ್ದರೆ ಪರವಾನಗಿ ಸತ್ತ ಹಾಗೆ. ಮುಂದೆ ಸಿಗುವ ಭರವಸೆ ಇಲ್ಲ, ಕೋರ್ಟಿನ ತಾರೀಕು ಸೆಪ್ಟೆಂಬರಿಗೆ ಹೋಗಿದೆ.

ನನ್ನ ಹುಣ್ಣು, ಕೆಮ್ಮು ನೋಡಿ ಹುಡುಗರೆಲ್ಲ ಶೀನಣ್ಣ ಹೋಗಲಿ ಅಂದರು. ಕ್ಯಾಪ್ಟನ್ ಒಪ್ಪಲಿಲ್ಲ. ಎಂಜಿನ್ ನೋಡುವವ ಒಬ್ಬ ಇರಲೇಬೇಕು, ಈ ಮೆಷಿನು ಓದಲು ಬರುವವ ನೀನೊಬ್ಬನೇ, ನೀನು ಹೋದರೆ ಹಡಗು ಮುಳುಗುತ್ತದೆ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಅಡುಗೆಯವ ಬೇಕೆಂಬ ನಿಯಮ ಇಲ್ಲದ ಕಾರಣ ಅಲೆಕ್ಸ್ ಹೋಗುತ್ತಾನೆ. ಅವನ ಹೆಸರು ಬರೆದಾಯಿತು. ಮಗನ ಮೊದಲ ಕೊಮ್ಮುನ್ಯೋನು, ಇಗರ್ಜಿಯಲ್ಲಿ ಮೊದಲ ಸಲ ಪ್ರಸಾದ ಕೊಡುವ ದಿನ, ಅವನಿಲ್ಲದೆ ಕಳೆಯಿತು, ಪಾಪ. ಹೋಗಲಿ.

ನನಗೆ ಆ ಫಲಕ ಓದಲು ಬಾರದೇ ಇದ್ದಿದ್ದರೆ ಇವತ್ತು ಚೀಲ ಕಟ್ಟುತ್ತಿದ್ದೆ. ನಿನ್ನ ಮೇಲೆ ಸಿಟ್ಟಲ್ಲ. ನನಗೆ ನಿನ್ನ ಮುಖ ನೋಡಬೇಕು ಮಗಾ, ಅಷ್ಟೇ.

ಅಪ್ಪ


ಊದ್ ಮೇಥಾ
೨೧ ಮೇ ೨೦೧೬

ಅಪ್ಪ,

ನಾನು ಕಲಿಸಿದ್ದೇ ನಿಮಗೆ ಸಂಕೋಲೆ ಆಯಿತು. ಎರಡು ದಿನ ಆಫೀಸಿಗೆ ಹೋಗಲಿಲ್ಲ. ಎಷ್ಟು ಖುಷಿಯಲ್ಲಿ ಕೂತು ಒಂದೊಂದು ಅಕ್ಷರ ಬಿಡಿಸಿ ಕಳಿಸಿದ್ದೆ. ನೀವು ಓದುತ್ತಿದ್ದೀರಿ, ನನ್ನ ವಿದ್ಯೆ ನಿಮಗೆ ಬೇಕಾಯಿತು ಎಂದು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ.

ಅತ್ತು ಮುಗಿಸಿ ಯೋಚನೆ ಮಾಡಿದೆ. ಆ ಸನ್ಯಾಸಿಗಳು ಚೂರು ಅಕ್ಷರ ಮಾಡಿದ್ದು ಯಾಕೆ? ಗ್ರಂಥ ಒಬ್ಬ ಗುರುವಿನ ಬಾಯಲ್ಲಿ ಮಾತ್ರ ಉಳಿಯಬಾರದು ಎಂದೇ ತಾನೇ. ಪಕ್ಕದಲ್ಲಿ ಸಣ್ಣಗೆ ಗುರುತು ಹಾಕಿಟ್ಟರೆ ಗುರು ಎದ್ದುಹೋದರೂ ಶಿಷ್ಯ ಓದುತ್ತಾನೆ. ನೀವೂ ಹಾಗೇ ಮಾಡಿ. ಪ್ರತಿ ಫಲಕದ ಪಕ್ಕ ಬಣ್ಣದಲ್ಲಿ ಅರ್ಥ ಬರೆಯಿರಿ. ಯಾವುದು ಮೊದಲು, ಯಾವುದು ಆಮೇಲೆ ಅದನ್ನೂ ಬರೆಯಿರಿ. ಡೆಕ್ಕಿನವರಲ್ಲಿ ಯಾರಾದರೂ ಒಬ್ಬರು ಕಲಿತರೆ ಕ್ಯಾಪ್ಟನ್‌ಗೆ ನಿಮ್ಮನ್ನು ಹಿಡಿದಿಡುವ ಕಾರಣ ಇರುವುದಿಲ್ಲ. ಈ ಪರವಾನಗಿ ಅಲ್ಲದಿದ್ದರೆ ಮುಂದಿನದಾದರೂ ನಿಮಗೆ ಬರುತ್ತದೆ.

ಹುಣ್ಣಿಗೆ ಮುಲಾಮು ಇಟ್ಟಿದ್ದೇನೆ. ಹಚ್ಚುವ ಮುಂಚೆ ಕುಡಿಯುವ ನೀರಿನಲ್ಲೇ ತೊಳೆಯಿರಿ, ಕಂಜೂಸಿ ಮಾಡಬೇಡಿ.

ನಿಖಿತಾ


ಮರ್ಜಾನಾ
೧೪ ಜೂನ್ ೨೦೧೬

ಮಗಾ,

ನೀನು ಹೇಳಿದ ಹಾಗೆ ಮಾಡಿದೆ, ಹಾಳು ಮಾಡಿಯೂ ಇಟ್ಟೆ. ಹೇಗೆ ಎಂದು ಹೇಳುತ್ತೇನೆ, ಕೇಳು.

ಡೆಕ್ಕಿನ ಸ್ಟೋರಿನಲ್ಲಿ ಬಿಳಿ ಬಣ್ಣದ ಒಂದು ಡಬ್ಬಿ ಉಳಿದಿತ್ತು. ಸಣ್ಣ ಬ್ರಶ್ಶು ಹಿಡಿದು ಫಲಕಗಳ ಪಕ್ಕ, ಪೈಪಿನ ಮೇಲೆ, ಸ್ವಿಚ್ಚಿನ ಕೆಳಗೆ ಎಲ್ಲ ಬರೆದೆ. ಇದು ತೆರೆದ ಮೇಲೆ ಅದು, ಅದು ಬಿಸಿಯಾದರೆ ಇದು, ಹೀಗೆ. ದಿನಾ ಬೆಳಿಗ್ಗೆ ಇಳಿದರೆ ಮಧ್ಯಾಹ್ನಕ್ಕೆ ಹತ್ತಿ ಬರುತ್ತಿದ್ದೆ, ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಲ್ಲುವುದಿಲ್ಲ. ಬರೆಯುವಾಗ ಬಹಳ ಖುಷಿಯಾಗಿತ್ತು. ಡಬ್ಬಿಯ ತಳ ಕೆರೆದು ಕೊನೆಯ ಸಾಲು ಬರೆದು ಕ್ಯಾಪ್ಟನ್‌ರನ್ನು ಕರೆದೆ.

ಅವರು ಟಾರ್ಚ್ ಹಿಡಿದು ಒಂದು ಸುತ್ತು ಬಂದರು. ಇದು ಯಾವ ಭಾಷೆ ಎಂದು ಕೇಳಿದರು. ಆಗ ನೋಡಿದೆ ನಾನು. ಎಲ್ಲ ಕನ್ನಡದಲ್ಲಿ ಬರೆದಿದ್ದೇನೆ. ಒಂದೇ ಒಂದು ಇಂಗ್ಲಿಷ್ ಅಕ್ಷರ ಇಲ್ಲ. ನನ್ನ ಮಂಡೆಗೆ ಆ ಯೋಚನೆಯೇ ಬರಲಿಲ್ಲ ಮಗಾ. ನಿನ್ನ ಪತ್ರ ಓದುವುದು, ಇಳಿದು ಬರೆಯುವುದು, ಹೀಗೇ ಇದ್ದವನಿಗೆ ಬರೆಯುವುದು ಎಂದರೆ ಕನ್ನಡವೇ ಆಗಿಬಿಟ್ಟಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದರೂ ದೊಡ್ಡ ಉಪಕಾರ ಆಗುತ್ತಿರಲಿಲ್ಲ, ಡೆಕ್ಕಿನ ಬಾಂಗ್ಲಾದವರಿಬ್ಬರಿಗೆ ಅದೂ ಬಾರದು. ಆದರೆ ಇಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಓದಲು ಬರುವುದು ಒಬ್ಬನಿಗೇ.

ಅಲೆಕ್ಸ್ ಆಗ ನನಗೆ ಚಹಾ ತಂದು ಮೆಟ್ಟಿಲಲ್ಲಿ ನಿಂತಿದ್ದ. ಕ್ಯಾಪ್ಟನ್ ಅವನ ಕಡೆ ತಿರುಗಿ, ನಿನಗೆ ಇದು ಓದಲು ಬರುತ್ತದಾ ಎಂದು ಕೇಳಿದರು. ಅವ ಸುಳ್ಳು ಹೇಳಬಹುದಿತ್ತು. ಬರುತ್ತದೆ ಅಂದ.

ಈಗ ಕ್ಯಾಪ್ಟನ್ ಹೇಳುವುದು ಹೀಗೆ. ಇಷ್ಟು ಹುಣ್ಣು ಇಟ್ಟುಕೊಂಡು ಶೀನಪ್ಪ ಜುಲೈ ದಾಟುವುದಿಲ್ಲ. ಈದ್ ಒಳಗೆ ಅಲೆಕ್ಸ್ ಒಬ್ಬನೇ ಇಳಿದು ಜನರೇಟರು ಚಾಲೂ ಮಾಡಿ ತೋರಿಸಿದರೆ ಎಂಜಿನ್ ನೋಡುವವನೆಂದು ಅವನ ಹೆಸರು ಬರೆಯುತ್ತೇನೆ, ಶೀನಪ್ಪ ಇಳಿಯಲಿ. ಆಗದಿದ್ದರೆ ಮೊದಲಿನ ಹಾಗೇ ಅಲೆಕ್ಸ್ ಇಳಿಯಲಿ.

ಅವನ ಚೀಲ ಕಟ್ಟಿಯಾಗಿದೆ, ಹೆಂಡತಿಗೆ ತಾರೀಕು ಹೇಳಿ ಕಳಿಸಿಯಾಗಿದೆ. ನಾನು ಕಲಿಸಿದರೆ ಅವನನ್ನು ಇಲ್ಲಿ ಕಟ್ಟಿಹಾಕಿದ ಹಾಗೆ. ಕಲಿಸದಿದ್ದರೆ ನಾನು ಇಲ್ಲೇ. ಅವ ಎಂದಿನ ಹಾಗೇ ಗಂಜಿ ಬಡಿಸುತ್ತಾನೆ, ಪಾತ್ರೆ ತೊಳೆಯುತ್ತಾನೆ. ನಾನು ಎಂತ ಮಾಡಲಿ? ನೀನು ಹೇಳು.

ಅಪ್ಪ


ಊದ್ ಮೇಥಾ
೧೮ ಜೂನ್ ೨೦೧೬

ಅಪ್ಪ,

ನನ್ನನ್ನು ಕೇಳಬಾರದಿತ್ತು. ಕೇಳಿದ್ದೀರಿ, ಹೇಳುತ್ತೇನೆ. ನನಗೆ ನೀವು ಬೇಕು. ಅಲೆಕ್ಸ್ ಅಂಕಲ್ ಕೂಡ ಒಬ್ಬನ ಅಪ್ಪ ಎಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ. ಬರೆದ ಮೇಲೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿದೆ, ಆದರೂ ಅಳಿಸುವುದಿಲ್ಲ.

ಅವರನ್ನು ಒತ್ತಾಯ ಮಾತ್ರ ಮಾಡಬೇಡಿ. ಎದುರು ಕೂತು ಕೇಳಿ. ಬೇಡ ಅಂದರೆ ಅವರನ್ನು ನಗುನಗುತ್ತ ಕಳಿಸಿ. ನಾನು ಬೇರೆ ದಾರಿ ಹುಡುಕುತ್ತೇನೆ. ಕಾನ್ಸುಲೇಟಿನವರು ನೋಡೋಣ ಅಂದಿದ್ದಾರೆ, ಎರಡು ತಿಂಗಳಿನಿಂದ ಅಷ್ಟೇ ಅನ್ನುತ್ತಿದ್ದಾರೆ.

ಈ ಪತ್ರವನ್ನು ಅವರೆದುರು ಗಟ್ಟಿಯಾಗಿ ಓದಬೇಡಿ.

ನಿಖಿತಾ


ಮರ್ಜಾನಾ
೩೦ ಜೂನ್ ೨೦೧೬

ಮಗಾ,

ನೀನು ಓದಬೇಡ ಅಂದದ್ದನ್ನು ಅವನಿಂದಲೇ ಓದಿಸಿದೆ. ನನಗೆ ಬಾಯಿಬಿಟ್ಟು ಕೇಳಲು ಆಗಲಿಲ್ಲ. ನಾಲ್ಕು ದಿನ ಒದ್ದಾಡಿ, ಕೊನೆಗೆ ನಿನ್ನ ಪತ್ರವನ್ನೇ ಅವನ ಕೈಗೆ ಕೊಟ್ಟೆ. ಅವ ಎರಡು ಸಲ ಓದಿ ಮಡಚಿ ವಾಪಸು ಕೊಟ್ಟ. ಮರುದಿನ ಬೆಳಿಗ್ಗೆ ತಾನಾಗಿ ಎಂಜಿನ್ ರೂಮಿಗೆ ಇಳಿದು ಗೋಡೆ ಓದಲು ಶುರುಮಾಡಿದ. ಒಂದು ಪ್ರಶ್ನೆ ಕೇಳಲಿಲ್ಲ, ನಾನೂ ಏನೂ ಹೇಳಿಕೊಡಲಿಲ್ಲ.

ನಿನ್ನೆ ಪರೀಕ್ಷೆ ಆಯಿತು. ಕ್ಯಾಪ್ಟನ್ ನನ್ನನ್ನು ಡೆಕ್ಕಿನಲ್ಲಿ ಟಾರ್ಪಾಲಿನ ನೆರಳಿಗೆ ಕೂರಿಸಿ ಪಕ್ಕದಲ್ಲಿ ತಾವೂ ಕೂತರು. ಅವರಿಗೆ ರಂಜಾನಿನ ಉಪವಾಸ. ಅಲೆಕ್ಸ್ ಒಬ್ಬನೇ ಕೆಳಗೆ ಹೋದ. ಕಾಲ ಕೆಳಗಿನ ತಗಡಿನಲ್ಲಿ ಒಂದೊಂದೂ ನನಗೆ ಗೊತ್ತಾಗುತ್ತಿತ್ತು. ಗಾಳಿ ಬಿಟ್ಟ. ಆ ಗಾಳಿಯ ಒತ್ತಡಕ್ಕೆ ಮೆಷಿನು ಎರಡು ಸುತ್ತು ತಿರುಗಿ ಕೆಮ್ಮಿತು, ಸತ್ತಿತು. ಅದಕ್ಕೆ ಡೀಸೆಲು ಹೋಗಲಿಲ್ಲ ಎಂದು ನನಗೆ ಇಲ್ಲಿಂದಲೇ ತಿಳಿಯಿತು. ಎದ್ದು ಹೋಗಿ ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ಆಮೇಲೆ ಕೆಳಗೆ ಸದ್ದೇ ಇಲ್ಲ. ಬಹಳ ಹೊತ್ತು ಇಲ್ಲ. ಕ್ಯಾಪ್ಟನ್ ನನ್ನ ಮುಖ ನೋಡಿದರು, ನಾನು ಸಮುದ್ರ ನೋಡಿದೆ. ದೇವರಲ್ಲಿ ಬೇಡಿಕೊಳ್ಳೋಣ ಅಂದರೆ ಏನಂತ ಬೇಡುವುದು? ಒಬ್ಬನ ಕೈ ಸೋಲಲಿ ಎಂದು ಬೇಡುವುದಾ, ಒಬ್ಬ ಸಿಕ್ಕಿಬೀಳಲಿ ಎಂದಾ?

ಮತ್ತೆ ಗಾಳಿ ಬಿಟ್ಟ. ಈ ಸಲ ಹಿಡಿಯಿತು. ಡೆಕ್ಕು ನಡುಗಿತು, ಮೇಲಿನ ದೀಪ ಹಗಲಲ್ಲೇ ಹತ್ತಿಕೊಂಡಿತು, ಹುಡುಗರು ಚಪ್ಪಾಳೆ ಹೊಡೆದರು. ಅಲೆಕ್ಸ್ ಮೇಲೆ ಬಂದು ನನ್ನ ಹತ್ತಿರ ಕೂತ. ಬೆವರಿನಲ್ಲಿ ಮಿಂದಿದ್ದ.

"ಫಸ್ಟಿಗೆ ಬೇಕೂಂತಲೇ ಡೀಸೆಲ್ ಬಂದ್ ಇಟ್ಟದ್ದು ಶೀನಣ್ಣ," ಅಂದ. "ಆಗ್ಲಿಲ್ಲ ಅಂತ ಮೇಲೆ ಬರುವಾ ಅಂತಲೇ ಇದ್ದೆ. ಮೆಟ್ಟಿಲಲ್ಲಿ ಕೂತೆ. ಎದುರಿಗೆ ನಿಮ್ಮ ಅಕ್ಷರ. ಮತ್ತೆ ಮನಸ್ಸು ಕೇಳ್ಲಿಲ್ಲ."

ನಾನು ಅವನ ಕೈ ಹಿಡಿದುಕೊಂಡೆ. ಅವ ಬಿಡಿಸಿಕೊಂಡು, ಅಕ್ಕಿ ಒಲೆಯ ಮೇಲೆ ಉಂಟು ಎಂದು ಎದ್ದು ಹೋದ. ನಾಡಿದ್ದು ಏಜೆಂಟರ ಬೋಟು ಬರುತ್ತದಂತೆ. ನೇರ ಏರ್‌ಪೋರ್ಟಿಗೆ ಒಯ್ದು ಹತ್ತಿಸುತ್ತಾರೆ, ಊರೊಳಗೆ ಬಿಡುವುದಿಲ್ಲ. ನೀನು ಅಲ್ಲಿಗೆ ಬಾ.

ಅಪ್ಪ


ಊದ್ ಮೇಥಾ, ದುಬೈ
೪ ಜುಲೈ ೨೦೧೬

ಅಲೆಕ್ಸ್ ಅಂಕಲ್ ಅವರಿಗೆ,

ನಾವು ಭೇಟಿಯಾಗಿಲ್ಲ. ನನ್ನ ಪತ್ರಗಳನ್ನೆಲ್ಲ ನೀವು ಈರುಳ್ಳಿ ಹೆಚ್ಚುತ್ತ ಕೇಳಿದ್ದೀರಿ, ಒಂದನ್ನು ನೀವೇ ಓದಿದ್ದೀರಿ. ಹಾಗಾಗಿ ನಾನು ಎಂಥವಳು ಎಂದು ನಿಮಗೆ ಗೊತ್ತು.

ಅಪ್ಪ ಸಿಕ್ಕಿದರು. ಏಜೆಂಟರ ಕಡೆಯವನು ಪಾಸ್‌ಪೋರ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದ, ಒಳಗೆ ಕಳಿಸುವ ತನಕ ಸ್ವಲ್ಪ ಹೊತ್ತು ಬಿಟ್ಟ. ಅಪ್ಪ ಎಷ್ಟು ಸಣ್ಣಗಾಗಿದ್ದಾರೆಂದರೆ ಮೊದಲು ನನಗೆ ಗುರುತೇ ಆಗಲಿಲ್ಲ. ನಾಲ್ಕು ವರ್ಷದ ಜಗಳ ಇತ್ತಲ್ಲ, ಅದರ ಬಗ್ಗೆ ಇಬ್ಬರೂ ಒಂದು ಮಾತು ಆಡಲಿಲ್ಲ. ಅವರು ಆಡಿದ್ದೆಲ್ಲ ನಿಮ್ಮ ಮಾತೇ. ಎರಡನೇ ಜನರೇಟರು ಬಿಸಿಯಾದಾಗ ಏನು ಮಾಡಬೇಕೆಂದು ಗೋಡೆಯ ಮೇಲೆ ಬರೆಯಲು ಮರೆತಿದ್ದಾರಂತೆ, ಅದನ್ನು ನಿಮಗೆ ತಿಳಿಸಲು ಹೇಳಿದರು. ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ನಿನ್ನೆ ಮನೆ ಮುಟ್ಟಿದರು. ಅಮ್ಮ ಫೋನಿನಲ್ಲಿ ಅಳುತ್ತಿದ್ದರು.

ಕುಲಶೇಖರಕ್ಕೂ ಫೋನ್ ಮಾಡಿದೆ. ನೀವು ಈ ತಿಂಗಳು ಬರುವುದಿಲ್ಲ ಎಂದು ನಿಮ್ಮ ಹೆಂಡತಿಗೆ ಹೇಳಿದವಳು ನಾನೇ. ಬೇರೆಯವರ ಬಾಯಲ್ಲಿ ಅವರಿಗೆ ಗೊತ್ತಾಗಬಾರದು ಎನಿಸಿತು. ಯಾಕೆ ಎಂದು ಕೇಳಿದರು. ಹೇಳಿದೆ. ಎಲ್ಲ ಕೇಳಿ, ನಿನ್ನ ಅಪ್ಪ ಈಗ ಹೇಗಿದ್ದಾರೆ ಎಂದು ವಿಚಾರಿಸಿದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಥ್ಯಾಂಕ್ಸ್ ಎಂದು ಬರೆಯಲು ಕೂತಿದ್ದೆ. ಆಗಲಿಲ್ಲ. ಥ್ಯಾಂಕ್ಸ್ ಅಂದರೆ ನೀವು ಅಲ್ಲೇ ಇರಿ ಅಂದ ಹಾಗೆ. ನಿಮಗೆ ಕನ್ನಡ ಓದಲು ಬಾರದಿದ್ದರೆ ಇವತ್ತು ನಿಮ್ಮ ಮಗ ನಿಮ್ಮ ಪಕ್ಕದಲ್ಲಿ ಮಲಗಿರುತ್ತಿದ್ದ.

ಇನ್ನು ಪ್ರತಿ ಸಲ ಲಾಂಚು ಹೊರಡುವಾಗ ಮುಹಿಯುದ್ದೀನ್ ಹತ್ತಿರ ನಿಮ್ಮ ಹೆಸರಿಗೊಂದು ಪತ್ರ ಇರುತ್ತದೆ. ಜಪಾನಿಯ ಬಗ್ಗೆ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಬಂದರಿನ ಗೇಟಿಗೆ, ಕಾನ್ಸುಲೇಟಿಗೆ ಇನ್ನು ನಿಮ್ಮ ಹೆಸರಿನಲ್ಲಿ ಹೋಗುತ್ತೇನೆ. ಸಂಬಂಧ ಏನು ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಏನು ಬರೆಯಲಿ, ನೀವೇ ತಿಳಿಸಿ.

ಇಂತಿ,
ನೀವು ಕಳಿಸಿಕೊಟ್ಟ ಶೀನಪ್ಪನವರ ಮಗಳು
ನಿಖಿತಾ